ಎರಡನೇ ಸಲದ ಉತ್ತರ

"ಹೋದ ಸಲ ಎಂತ ಹೇಳಿದ್ದೀಯೋ ಈ ಸಲವೂ ಅದನ್ನೇ ಹೇಳು. ಬದಲಾಯಿಸಬೇಡ."

ಮಣಿಪಾಲದಲ್ಲಿ ಆಸ್ಪತ್ರೆಯ ಎದುರು ರಸ್ತೆ ದಾಟಲು ನಿಂತಿದ್ದಾಗ ನನ್ನ ತಮ್ಮನಿಗೆ ನಾನು ಹೇಳಿದ ಮಾತು ಇದು. ಬೈಕುಗಳ ಸದ್ದಿನ ನಡುವೆ ಅವನಿಗೆ ಕೇಳಬೇಕೆಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವನು ತಲೆಯಾಡಿಸಿದ. ನಾವು ರಸ್ತೆ ದಾಟಿದೆವು. ಇಷ್ಟನ್ನು ಬರೆಯುವಷ್ಟರಲ್ಲಿ ನಾನು ಎರಡು ಸಲ ಎದ್ದು ಒಳಗೆ ಹೋಗಿ ಬಂದಾಯಿತು. ಒಲೆಯ ಮೇಲೆ ಏನೂ ಇಲ್ಲ, ಆದರೂ ನೋಡಿ ಬಂದೆ. ಈಚೆಗೆ ಹೀಗೆಯೇ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಕಾರ್ಕಳದ ಹತ್ತಿರದ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸ. ತಮ್ಮ ನನಗಿಂತ ಎಷ್ಟೋ ಚಿಕ್ಕವ. ಅಮ್ಮ ಕೂಲಿಗೆ ಹೋಗುತ್ತಿದ್ದುದರಿಂದ ಅವನನ್ನು ಸೊಂಟದ ಮೇಲೆ ಇಟ್ಟುಕೊಂಡು ತಿರುಗಿದವಳು ನಾನು. ನನ್ನ ಶಾಲೆ ನಿಂತದ್ದೂ ಅದೇ ಕಾರಣಕ್ಕೆ. ಅವನು ಐಟಿಐ ಮುಗಿಸಿ ಕಾಪುವಿನಲ್ಲಿ ಫ್ರಿಜ್, ಎಸಿ ರಿಪೇರಿ ಮಾಡುವ ಅಂಗಡಿಗೆ ಸೇರಿದ, ಅಲ್ಲೇ ಬಾಡಿಗೆ ಕೋಣೆ ಹಿಡಿದ. ಮೂವತ್ತು ದಾಟಿದರೂ ಅವನಿಗೆ ಒಂದು ಅಭ್ಯಾಸ. ಹೊರಗಿನವರು ಏನಾದರೂ ಕೇಳಿದರೆ, ನಾನು ಪಕ್ಕದಲ್ಲಿದ್ದರೆ, ಮೊದಲು ನನ್ನ ಮುಖ ನೋಡುತ್ತಾನೆ, ಆಮೇಲೆ ಬಾಯಿ ತೆರೆಯುತ್ತಾನೆ. ಜನ ತಮಾಷೆ ಮಾಡುತ್ತಿದ್ದರು. ನನಗೆ ಒಳಗೊಳಗೆ ಅದು ಹಿತವಾಗಿತ್ತು ಎಂದು ಈಗ ಒಪ್ಪಿಕೊಳ್ಳಬೇಕು.

ಹೋದ ಬೇಸಿಗೆಯಲ್ಲಿ ಅವನ ಅಂಗಡಿಯ ಓನರ್ ನನಗೆ ಫೋನ್ ಮಾಡಿದರು. ಎಸಿ ಕೆಲಸ ಮೈಮೇಲೆ ಬೀಳುವ ದಿನಗಳು ಅವು. ಶಿರ್ವದ ಯಾವುದೋ ದೊಡ್ಡ ಮನೆಗೆ ಇವನನ್ನು ಕಳುಹಿಸಿದ್ದರಂತೆ. ಮನೆಯವರೆಲ್ಲ ಕುವೈತಿನಲ್ಲಿ, ವಯಸ್ಸಾದ ಒಬ್ಬರು ಹೆಂಗಸು ಮಾತ್ರ ಇಲ್ಲಿ. ಇವನು ಏಣಿ ಹತ್ತಿ, ಎಸಿಯ ಮುಚ್ಚಳ ತೆಗೆದವ ಹಾಗೆಯೇ ನಿಂತುಬಿಟ್ಟಿದ್ದಾನೆ. ಅವರು ಚಾ ತಂದು ಇಟ್ಟು, ಅದು ಆರಿ, ಮತ್ತೊಮ್ಮೆ ಬಿಸಿ ಮಾಡಿ ತಂದರೂ ಇವನು ಏಣಿಯ ಮೇಲೆಯೇ. ಹೆದರಿ ಅಂಗಡಿಗೆ ಫೋನ್ ಮಾಡಿದ್ದಾರೆ.

"ಅಕ್ಕ, ಕೆಲಸ ಗೊತ್ತಿಲ್ಲದವ ಹಾಗೆ ನಿಂತರೆ ನಾನು ನಾಲ್ಕು ಬೈಯಬಹುದು," ಎಂದರು ಓನರ್. "ಕೆಲಸ ಗೊತ್ತಿದ್ದವನೇ ನಿಂತರೆ ಎಂತ ಮಾಡುವುದು ಮಾರಾಯ್ರೆ? ನಿಮ್ಮ ತಮ್ಮ ಫ್ರಿಜ್ಜಿಗಿಂತ ತಣ್ಣಗೆ ಆಗಿದ್ದಾನೆ. ಒಮ್ಮೆ ಬನ್ನಿ."

ಹೋಗಿ ಕರೆದುಕೊಂಡು ಬಂದೆ. ಮಣಿಪಾಲದ ಡಾಕ್ಟರಿಗೆ ತೋರಿಸಿದೆವು. ಮನಸ್ಸಿನ ಕಾಯಿಲೆ, ಮಾತ್ರೆ ತಪ್ಪಿಸಬಾರದು, ಕರೆದಾಗ ಬರಬೇಕು ಎಂದರು. ಅವನು ನನ್ನ ಮನೆಯಲ್ಲೇ ಉಳಿದ. ನಾನು ಬೆಳಿಗ್ಗೆ ಮಾತ್ರೆ ಕೊಟ್ಟು ಫ್ಯಾಕ್ಟರಿಗೆ ಹೋಗುವುದು, ಅವನು ಮನೆಯ ಹಿಂದೆ ಅಡ್ಡಾಡುವುದು, ಸಂಜೆ ನನ್ನ ಮಿಕ್ಸಿ ಬಿಚ್ಚಿ ಜೋಡಿಸುವುದು. ಸ್ವಲ್ಪ ಸ್ವಲ್ಪವೇ ನಿದ್ದೆ ಬಂತು. ಮೀನಿನ ಪದಾರ್ಥಕ್ಕೆ ಹುಳಿ ಕಡಿಮೆ ಎಂದು ತಕರಾರು ತೆಗೆದ ದಿನ ನನಗೆ ಎಷ್ಟು ಸಂತೋಷವಾಯಿತೆಂದರೆ ಬೈಗುಳವೂ ಬರಲಿಲ್ಲ.

ಅಂಥ ಒಳ್ಳೆಯ ದಿನಗಳಲ್ಲಿ ಒಮ್ಮೆ, ಡಾಕ್ಟರನ್ನು ಕಾಣಲು ಕಾಯುತ್ತಿದ್ದಾಗ, ಅಲ್ಲಿಯ ಕಾಲೇಜಿನಲ್ಲೇ ಓದುತ್ತಿರುವ ಒಬ್ಬ ಹುಡುಗಿ ಬಂದು ನಮ್ಮ ಪಕ್ಕದಲ್ಲಿ ಕೂತಳು. ಧಾರವಾಡದ ಕಡೆಯವಳು. ಮೊದಲು ಪುಸ್ತಕದ ಹಾಗೆ ಮಾತಾಡಿದಳು. ನಮ್ಮ ಮುಖ ನೋಡಿ ಆಮೇಲೆ ತನ್ನ ಊರಿನ ಮಾತಿಗೆ ಇಳಿದಳು.

"ನೋಡ್ರಿ ಅಕ್ಕಾರ, ಮನಸ್ಸಿಗೆ ಎಷ್ಟು ತ್ರಾಸ ಆಗೇತಿ ಅಂತ ಅಳೆಯೂ ಪ್ರಶ್ನೆಗಳು ಇವು. ಬ್ಯಾರೆ ಭಾಷೆಯಿಂದ ಕನ್ನಡಕ್ಕ ತಂದೀವಿ. ಇಲ್ಲಿಯವರಿಗೆ ಇವು ಸರಿಯಾಗಿ ಕೆಲಸ ಮಾಡ್ತಾವೋ ಇಲ್ಲೋ ನೋಡಬೇಕು. ಅದಕ್ಕ ಇವತ್ತೊಮ್ಮೆ ಕೇಳ್ತೀವಿ, ಎರಡು ವಾರ ಬಿಟ್ಟು ಮತ್ತ ಇದನ್ನೇ ಕೇಳ್ತೀವಿ."

"ಒಂದು ಸಲ ಹೇಳಿದ್ದನ್ನು ನಂಬುವುದಿಲ್ವಾ?" ಎಂದು ಕೇಳಿದೆ.

ಅವಳು ನಕ್ಕಳು. "ನಿಮ್ಮನ್ನ ನಂಬ್ತೀವ್ರಿ. ಪ್ರಶ್ನೆಯನ್ನ ನಂಬಬಹುದೋ ಇಲ್ಲೋ ಗೊತ್ತಿಲ್ಲ. ಈಗ ತಕ್ಕಡಿ ಐತಿ ಅನ್ಕೋರಿ. ಅದೇ ಚೀಲ ಎರಡು ಸಲ ಇಟ್ಟರ ಎರಡೂ ಸಲ ಒಂದೇ ತೂಕ ಬರಬೇಕಲ್ರೀ? ಬರಲಿಲ್ಲಂದ್ರ ತಕ್ಕಡಿಯೊಳಗ ಏನೋ ಐಬು ಐತಿ."

ಅವಳು ಇನ್ನೊಂದು ಮಾತನ್ನೂ ಹೇಳಿದಳು. ಅದನ್ನು ನಾನು ಮರೆತಿಲ್ಲ, ಅರ್ಥ ಮಾಡಿಕೊಳ್ಳಲಿಲ್ಲ ಅಷ್ಟೇ. "ನಡುವ ಇವರ ಸ್ಥಿತಿ ಬದಲಾತು ಅಂದ್ರ ನಮಗ ಹೇಳಬೇಕ್ರಿ. ಆಗ ಅವರ ಉತ್ತರ ಈ ಲೆಕ್ಕದಾಗ ಹಿಡಿಯೂದಿಲ್ಲ, ಬ್ಯಾರೆ ಇಡ್ತೀವಿ. ಪರೀಕ್ಷೆ ನಿಮಗಲ್ಲ, ನೆನಪಿಡ್ರಿ. ಪರೀಕ್ಷೆ ಈ ಪ್ರಶ್ನೆಗಳಿಗೆ."

ತಮ್ಮ ನನ್ನ ಮುಖ ನೋಡಿದ. ನಾನು ಆಗಲಿ ಎಂದೆ.

ಆ ದಿನ ಎಲ್ಲ ಸಲೀಸಾಗಿ ಹೋಯಿತು. ಪ್ರತಿಯೊಂದು ಪ್ರಶ್ನೆಗೂ ಇಲ್ಲವೇ ಇಲ್ಲ, ಅಪರೂಪಕ್ಕೆ, ಆಗಾಗ, ಯಾವಾಗಲೂ ಎಂದು ನಾಲ್ಕು ಉತ್ತರ. ನಿದ್ದೆ, ಹಸಿವು, ಕೂತಲ್ಲಿ ಕೂರಲಾಗದ ಚಡಪಡಿಕೆ, ಇವನ್ನೆಲ್ಲ ಕೇಳಿದಳು. ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಈಗ ಆಸಕ್ತಿ ಕಡಿಮೆಯಾಗಿದೆಯೇ ಎಂದು ಕೇಳಿದಾಗ ಇವನು, "ನನಗೆ ಮೊದಲೂ ಕೆಲಸ ಇಷ್ಟ ಇರಲಿಲ್ಲ ಮೇಡಂ. ಕೆಲಸ ಮುಗಿಯುವುದು ಇಷ್ಟ ಇತ್ತು," ಎಂದ. ಅವಳು ಜೋರಾಗಿ ನಕ್ಕು, "ಇಂಥದ್ದೇ ನಮಗ ಬೇಕ್ರಿ," ಎಂದು ಅಂಚಿನಲ್ಲಿ ಬರೆದುಕೊಂಡಳು. ಕೊನೆಯ ಹತ್ತಿರ, ಬದುಕಿ ಪ್ರಯೋಜನವಿಲ್ಲ ಎಂದು ಅನಿಸಿದೆಯೇ ಎಂಬ ಪ್ರಶ್ನೆ ಬಂತು. ಅವನು ತಡಮಾಡದೆ "ಇಲ್ಲವೇ ಇಲ್ಲ" ಎಂದ. ಅದು ನಿಜವಾಗಿತ್ತು. ಆ ದಿನದ ಮಟ್ಟಿಗೆ ಅದು ನಿಜವೇ ಎಂದು ನಾನು ಈಗಲೂ ನಂಬುತ್ತೇನೆ.

ನನ್ನ ಫ್ಯಾಕ್ಟರಿಯ ವಿಷಯ ಇಲ್ಲಿ ಹೇಳಬೇಕು. ನಾನು ಗ್ರೇಡಿಂಗ್ ಮೇಜಿನವಳು. ಸಿಪ್ಪೆ ತೆಗೆದ ಗೇರುಬೀಜವನ್ನು ಗಾತ್ರ, ಬಣ್ಣ ನೋಡಿ ಬೇರೆ ಬೇರೆ ಟ್ರೇಗೆ ಹಾಕುವುದು. ಇಡೀ ಬೀಜ ಒಂದು ಕಡೆ, ಸೀಳಿದ್ದು ಒಂದು ಕಡೆ, ತುಂಡು, ಕಂದಿದ್ದು, ಹುಳ ಹಿಡಿದದ್ದು. ನಮ್ಮ ಕಣ್ಣು ಸರಿಯಾಗಿ ಕೆಲಸ ಮಾಡುತ್ತದೋ ಎಂದು ನೋಡಲು ಸೂಪರ್‌ವೈಸರ್ ಒಂದು ಉಪಾಯ ಮಾಡುತ್ತಿದ್ದರು. ಬೆಳಿಗ್ಗೆ ನಾವು ವಿಂಗಡಿಸಿ ತೂಕ ಮಾಡಿಸಿದ ಬೀಜವನ್ನೇ ಮತ್ತೆ ಕಲಸಿ, ಊಟದ ನಂತರ ಹೊಸ ಮಾಲಿನ ಹಾಗೆ ನಮ್ಮ ಮುಂದೆ ತಂದು ಸುರಿಯುತ್ತಿದ್ದರು. ಒಂದೊಂದು ಟ್ರೇಯ ಎರಡು ಸಲದ ತೂಕ ಹೊಂದದಿದ್ದರೆ ಎಲ್ಲರ ಎದುರು ಮಾತು ಕೇಳಬೇಕು.

ನಾವು ಅದನ್ನು ಬಹಳ ಬೇಗ ಕಂಡುಹಿಡಿದೆವು. ಮಾಲು ಮುಟ್ಟಿದ ಕೂಡಲೇ ಬೆಳಿಗ್ಗೆಯದೇ ಎಂದು ಗೊತ್ತಾಗುತ್ತದೆ, ಎರಡನೇ ಸಲ ಕೈಯಾಡಿಸಿದ ಬೀಜಕ್ಕೆ ಒಂದು ನುಣುಪು ಉಂಟು. ಆಗ ಪಕ್ಕದವಳು, "ಅಕ್ಕ, ಇದು ಬೆಳಗ್ಗಿನದ್ದು. ನಿಮ್ಮ ತೂಕ ನೆನಪುಂಟಾ?" ಎಂದು ಪಿಸುಗುಟ್ಟುತ್ತಾಳೆ. ನಾವು ಬೆಳಗಿನ ತೂಕ ನೆನಪಿಟ್ಟುಕೊಂಡು, ಸಂಶಯದ ಬೀಜಗಳನ್ನು ಅತ್ತ ಇತ್ತ ಮಾಡಿ, ಸರಿಯಾಗಿ ಹೊಂದಿಸಿ ಕೊಡುತ್ತೇವೆ. ಸೂಪರ್‌ವೈಸರ್ ಮೆಚ್ಚುತ್ತಾರೆ. ಎರಡನೇ ಸಲ ಯಾರೂ ಬೀಜ ನೋಡುವುದಿಲ್ಲ, ತೂಕ ನೋಡುತ್ತಾರೆ. ನಾನು ಈ ಕೆಲಸದಲ್ಲಿ ಗಟ್ಟಿಗಿತ್ತಿ ಎಂದು ಹೆಸರಾದವಳು.

ತಕ್ಕಡಿ, ಚೀಲ, ಎರಡು ಸಲ ಒಂದೇ ತೂಕ ಎಂದು ಆ ಹುಡುಗಿ ಹೇಳಿದಾಗ ನನಗೆ ನನ್ನ ಮೇಜು ಕಂಡಿತು. ಬೇರೆ ಇಡ್ತೀವಿ ಎಂದಾಗ ಹುಳ ಹಿಡಿದ ಬೀಜದ ಟ್ರೇ ಕಂಡಿತು. ನನ್ನ ತಮ್ಮ ಆ ಟ್ರೇಗೆ ಹೋಗುವುದು ನನಗೆ ಬೇಡವಾಗಿತ್ತು.

ಅದಾಗಿ ಕೆಲವು ದಿನಕ್ಕೆ ಅವನು ಕಾಪುವಿಗೆ ಹೊರಟ. ಕೆಲಸ ಬಿಟ್ಟು ಎಷ್ಟು ದಿನ ಕೂರುವುದು ಎಂದ. ನಾನು ತಡೆಯಲಿಲ್ಲ. ಫೋನ್ ಮಾಡಿದರೆ "ಆರಾಮ" ಎನ್ನುತ್ತಿದ್ದ. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಎರಡನೇ ಸಲ ಹೋಗಬೇಕಾದ ದಿನ ನಾನು ಕಾರ್ಕಳದಿಂದ, ಅವನು ಉಡುಪಿಯ ಕಡೆಯಿಂದ, ಇಬ್ಬರೂ ಮಣಿಪಾಲದಲ್ಲಿ ಸೇರುವುದೆಂದು ಆಯಿತು.

ಬಸ್ಸಿನಿಂದ ಇಳಿದವನನ್ನು ನೋಡಿದೆ. ಗಡ್ಡ ಬಿಟ್ಟಿದ್ದ. ಅಂಗಿಯ ಗುಂಡಿ ಒಂದು ತಪ್ಪಿ ಇನ್ನೊಂದಕ್ಕೆ ಹಾಕಿತ್ತು. ನಾನು ಏನೂ ಕೇಳದೆ ಗುಂಡಿ ಸರಿ ಮಾಡಿದೆ. ಅವನೇ ಶುರು ಮಾಡಿದ. ನಾವು ಮನೆಯಲ್ಲಿ ಆಡುವುದು ತುಳು. ಅಂದೂ ತುಳುವಿನಲ್ಲೇ ಮಾತಾಡಿದೆವು.

"ಅಕ್ಕ, ಹೋದ ಸಲ ಕೊನೆಯ ಹತ್ತಿರದ ಆ ಪ್ರಶ್ನೆಗೆ ನಾನು ಇಲ್ಲವೇ ಇಲ್ಲ ಅಂದಿದ್ದೆ, ಅಲ್ವಾ?"

"ಯಾವುದು?"

"ಅದೇ. ಬದುಕುವುದರದ್ದು."

ಯಾವುದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಯಾವುದು ಎಂದು ಕೇಳಿದ್ದೆ.

"ಈ ಸಲ ಹಾಗೆ ಹೇಳಲಿಕ್ಕೆ ಆಗುವುದಿಲ್ಲ ಅಂತ ಕಾಣ್ತದೆ," ಎಂದ. ನನ್ನ ಮುಖವನ್ನೇ ನೋಡುತ್ತಿದ್ದ.

ಆಗ ನಾನು ಆ ಮಾತು ಹೇಳಿದ್ದು. ಹೇಳಿದ್ದನ್ನೇ ಹೇಳು, ಬದಲಾಯಿಸಬೇಡ, ಬದಲಾದರೆ ಆ ಹುಡುಗಿಯ ಲೆಕ್ಕ ಹಾಳಾಗುತ್ತದೆ, ನಿನ್ನನ್ನು ಬೇರೆ ಹಾಕುತ್ತಾರೆ. ಫ್ಯಾಕ್ಟರಿಯ ಬುದ್ಧಿ ಎಂದು ಇದನ್ನು ಸುಲಭದಲ್ಲಿ ದಾಟಿಸಬಹುದು. ಎಷ್ಟೋ ದಿನ ನಾನು ಹಾಗೆಯೇ ಸಮಾಧಾನ ಮಾಡಿಕೊಂಡೆ. ಕಲಿಯದವಳು, ತಪ್ಪಾಗಿ ತಿಳಿದುಕೊಂಡೆ ಎಂದು. ಆದರೆ ಅವನು ಒಂದು ಪ್ರಶ್ನೆಯ ಬಗ್ಗೆ ಹೇಳುತ್ತಿರಲಿಲ್ಲ, ತನ್ನ ಬಗ್ಗೆ ಹೇಳುತ್ತಿದ್ದ. ಅಷ್ಟು ತಿಳಿಯಲು ಏಳನೇ ಕ್ಲಾಸೂ ಬೇಡ. ನನಗೆ ಕೇಳಿತು. ಕೇಳಿದ್ದು ನನಗೆ ಬೇಕಾಗಿರಲಿಲ್ಲ. ಅವನು ಗುಣವಾಗಿದ್ದಾನೆ, ಗುಣಪಡಿಸಿದವಳು ನಾನು ಎಂದು ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿ ಆಗಿತ್ತು.

ಒಳಗೆ ಹುಡುಗಿ ನಮ್ಮನ್ನು ಕಂಡು ಎದ್ದು ನಿಂತಳು. "ನೆನಪಿಟ್ಟು ಬಂದ್ರಲ್ಲ, ಭಾಳ ಉಪಕಾರ ಆತು." ಒಂದು ಸಣ್ಣ ಕೋಣೆ. ಕುರ್ಚಿ ಎಳೆಯುತ್ತ, "ಅಕ್ಕಾರ, ನೀವು ಹೊರಗ ಕೂತರೂ ನಡೀತೈತ್ರಿ," ಎಂದಳು.

"ಬೇಡ, ನಾನಿದ್ದರೆ ಅವನಿಗೆ ಧೈರ್ಯ," ಎಂದೆ.

ಅವಳು ತಮ್ಮನನ್ನು ನೋಡಿದಳು. ಅವನು ನನ್ನನ್ನು ನೋಡಿದ. "ಇರಲಿ ಮೇಡಂ," ಎಂದ.

ಪ್ರತಿ ಪ್ರಶ್ನೆಗೂ ಅವನು ಒಮ್ಮೆ ನನ್ನ ಕಡೆ ತಿರುಗಿ ಉತ್ತರ ಹೇಳಿದ. ಹೋದ ಸಲದ್ದನ್ನೇ ಹೇಳಿದ. ಅವನ ನೆನಪು ಒಳ್ಳೆಯದು, ಮೆಷಿನ್ ಬಿಚ್ಚಿದರೆ ಯಾವ ಸ್ಕ್ರೂ ಎಲ್ಲಿಯದು ಎಂದು ಬರೆದಿಟ್ಟುಕೊಳ್ಳದವ. ಮೇಜಿನ ಕೆಳಗೆ ಅವನ ಕಾಲು ಒಂದೇ ಸಮ ಕುಣಿಯುತ್ತಿತ್ತು. ಕೂತಲ್ಲಿ ಕೂರಲಾಗದ ಹಾಗೆ ಆಗುತ್ತದೆಯೇ ಎಂದು ಅವಳು ಕೇಳಿದಾಗಲೂ ಕಾಲು ಕುಣಿಯುತ್ತಲೇ ಇತ್ತು, ಅವನು "ಅಪರೂಪಕ್ಕೆ" ಎಂದ. ನಾನು ಮೆಲ್ಲಗೆ ಅವನ ಮಂಡಿಯ ಮೇಲೆ ಕೈ ಇಟ್ಟು ಅದನ್ನು ನಿಲ್ಲಿಸಿದೆ. ಆ ಕೈಯ ನೆನಪು ನನಗೆ ಬೇಡ, ಆದರೆ ಬರುತ್ತದೆ. ಬದುಕಿನ ಪ್ರಶ್ನೆ ಬಂತು. ಈ ಸಲ ಅವನು ತಡಮಾಡಿದ.

"ಇಲ್ಲವೇ ಇಲ್ಲ."

ಎಲ್ಲ ಮುಗಿದ ಮೇಲೆ ಅವಳು ಪೆನ್ನು ಕೆಳಗಿಟ್ಟು ಕೇಳಿದಳು. "ಈ ಎರಡು ವಾರದಾಗ ಏನರ ಬದಲಾಗೇತೇನ್ರಿ? ನಿದ್ದಿ, ಮನಸ್ಸು, ಏನರ?"

ಅವನು ಬಾಯಿ ತೆರೆದ. ಅದನ್ನು ನಾನು ಕಂಡೆ. ಅವನಿಗಿಂತ ಮೊದಲು ನಾನು "ಏನೂ ಇಲ್ಲ ಮೇಡಂ, ಹಾಗೇ ಉಂಟು," ಎಂದೆ.

ಆಮೇಲೆ ಡಾಕ್ಟರು ಕೇಳಿದಾಗಲೂ ನಾನೇ ಮುಂದೆ ಬಿದ್ದು ಅದನ್ನೇ ಹೇಳಿದೆ. ಅವರು ತಮ್ಮನ ಕಡೆ ತಿರುಗಿ, "ನೀವು ಹೇಳಿ," ಎಂದರು. ಅವನು "ಅಕ್ಕ ಹೇಳಿದ ಹಾಗೆ," ಎಂದ.

ಅವನ ಬಸ್ಸು ಉಡುಪಿಯ ಕಡೆ, ನನ್ನದು ಕಾರ್ಕಳದ ಕಡೆ. ಅವನ ಬಸ್ಸು ಮೊದಲು ಬಂತು. ಹತ್ತುವಾಗ ಅವನು ನನ್ನ ಕಡೆ ನೋಡಲಿಲ್ಲ. ಪರ್ಕಳ ದಾಟಿ ಹಿರಿಯಡ್ಕಕ್ಕೆ ಬರುವಷ್ಟರಲ್ಲಿ ಇಳಿದು ವಾಪಸು ಹೋಗೋಣವೇ ಎಂದು ಎದ್ದು ನಿಂತೆ. ಕಂಡಕ್ಟರ್, "ಎಂತ ಅಕ್ಕ, ಇಳಿಯುವುದಾ? ಟಿಕೇಟು ಕಾರ್ಕಳಕ್ಕೆ ಉಂಟಲ್ಲ," ಎಂದ. ಕೂತುಕೊಂಡೆ. ಇಳಿಯಬಹುದಿತ್ತು. ಬಸ್ಸು ನಿಂತೇ ಇತ್ತು.

ಆ ವಾರ ನಾನು ಎಲ್ಲಿಯೂ ನೆಟ್ಟಗೆ ಕೂರಲಿಲ್ಲ. ಮೇಜಿನ ಮುಂದೆ ಕೂತರೆ ನೀರು ಕುಡಿಯಲು ಏಳುವುದು, ಕುಡಿಯದೆ ಬರುವುದು. ಪಕ್ಕದವಳು ನನ್ನ ಟ್ರೇಯಿಂದ ತುಂಡು ಬೀಜ ಹೆಕ್ಕಿ ತೋರಿಸಿದಳು. "ಅಕ್ಕ, ನಿಮ್ಮ ಕಣ್ಣು ಎಲ್ಲಿ ಉಂಟು? ನನಗೆ ಪಾಠ ಹೇಳುವವರು ನೀವು." ತಮ್ಮನಿಗೆ ಫೋನ್ ಮಾಡಿದರೆ ಆರಾಮ. ಮತ್ತೆ ಮಾಡಿದರೆ ಆರಾಮ. ನಾನು ಕೇಳಬೇಕಾದದ್ದನ್ನು ಕೇಳಲಿಲ್ಲ, ಊಟ ಆಯಿತಾ ಎಂದು ಕೇಳಿದೆ. ಆಮೇಲೆ ಒಂದು ದಿನ ಫೋನೇ ಹೋಗಲಿಲ್ಲ.

ಆ ದಿನವೇ ಮಧ್ಯಾಹ್ನದ ಬಿಡುವಿನಲ್ಲಿ ಓನರ್ ಫೋನ್ ಬಂತು. "ಅಕ್ಕ, ಅವ ಕೆಲಸಕ್ಕೆ ಬರುತ್ತಿಲ್ಲ. ಕೋಣೆಗೆ ಹೋಗಿ ಕರೆದೆ. ಬಾಗಿಲು ತೆಗೆದ, ನಾಳೆ ಬರ್ತೇನೆ ಅಂದ. ನಿನ್ನೆಯೂ ಅದನ್ನೇ ಹೇಳಿದ್ದು. ನನಗೆ ಯಾಕೋ ಸರಿ ಕಾಣುವುದಿಲ್ಲ. ಈಗ ನಾನು ಅವನ ಕೋಣೆಯ ಹೊರಗೇ ಕೂತಿದ್ದೇನೆ. ನೀವು ಬರುವವರೆಗೆ ಕೂತಿರ್ತೇನೆ."

ಏಪ್ರನ್ ಬಿಚ್ಚದೆ ಓಡಿದೆ. ಬೆಳ್ಮಣ್ಣು, ಶಿರ್ವದ ಮೇಲೆ ಕಾಪುವಿಗೆ ಹೋಗುವ ಬಸ್ಸು ಅದು, ಪ್ರತಿ ತಿರುವಿನಲ್ಲಿ ನಿಲ್ಲುತ್ತದೆ. ಒಬ್ಬರು ಬಾಳೆಗೊನೆ ಹತ್ತಿಸಿದರು, ಒಬ್ಬಳು ಚಿಲ್ಲರೆಗೆ ಜಗಳ ಮಾಡಿದಳು. ನನಗೆ ಎಲ್ಲರ ಮೇಲೂ ಸಿಟ್ಟು. ಡ್ರೈವರಿನ ಹಿಂದಿನ ಕಂಬ ಹಿಡಿದು ನಿಂತೇ ಹೋದೆ.

ಓನರ್ ಕೋಣೆಯ ಮೆಟ್ಟಿಲಿನಲ್ಲಿ ಕೂತಿದ್ದರು. ನನ್ನನ್ನು ಕಂಡು ಎದ್ದು, ಸ್ವಲ್ಪ ದೂರ ಹೋಗಿ ನಿಂತರು. ಒಳಗೆ ತಮ್ಮ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮಾತ್ರೆಯ ಹಾಳೆ ಹಾಗೆಯೇ ಇತ್ತು, ಎಷ್ಟೋ ದಿನದ್ದು ಮುಟ್ಟಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ.

"ಯಾಕೆ ಬಂದದ್ದು?" ಎಂದ. "ನೀನು ಹೇಳಿದ ಹಾಗೇ ಹೇಳಿದ್ದೇನಲ್ಲ. ಇನ್ನು ಎಂತ ಬೇಕು?"

ಬೈದದ್ದಲ್ಲ. ಕೆಲಸ ಮುಗಿಸಿ ಕೊಟ್ಟವ ಲೆಕ್ಕ ಒಪ್ಪಿಸುವ ಹಾಗೆ ಹೇಳಿದ. ನನಗೆ ಅಳು ಬಂತು, ಆದರೆ ಅತ್ತರೆ ಅವನು ನನ್ನನ್ನೇ ಸಮಾಧಾನ ಮಾಡಲು ಹೊರಡುತ್ತಾನೆ ಎಂದು ಗೊತ್ತಿತ್ತು. ಅವನ ಮುಖ ನೋಡಿದರೆ ಅವನು ನನ್ನ ಮುಖ ನೋಡುತ್ತಾನೆ ಎಂದು ಎದುರಿನ ಗೋಡೆ ನೋಡಿಕೊಂಡು ಆ ಪ್ರಶ್ನೆ ಕೇಳಿದೆ. ಬದುಕಿ ಪ್ರಯೋಜನವಿಲ್ಲ ಎಂದು ನಿನಗೆ ಅನಿಸುತ್ತದಾ? ತುಳುವಿನಲ್ಲಿ ಕೇಳಿದೆ. ಅಷ್ಟು ದಿನ ಅದನ್ನು ಕೇಳಿದವರೆಲ್ಲ ಹೊರಗಿನವರು. ನಮ್ಮ ಮನೆಯ ಮಾತಿನಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ.

ಹೊರಗೆ ಓನರ್ ಯಾರಿಗೋ ಫೋನಿನಲ್ಲಿ ಗ್ಯಾಸ್ ತುಂಬಿಸುವ ವಿಷಯ ಹೇಳುತ್ತಿದ್ದರು.

"ಉಂಟು," ಎಂದ.

"ಆಗಾಗವಾ?"

"ಯಾವಾಗಲೂ. ಎದ್ದರೆ ಉಂಟು, ಮಲಗಿದರೆ ಉಂಟು." ಸ್ವಲ್ಪ ತಡೆದು, "ಅವತ್ತು ರಸ್ತೆಯಲ್ಲಿ ಹೇಳಿದೆನಲ್ಲ ಅಕ್ಕ," ಎಂದ.

"ಹೌದು," ಎಂದೆ. "ನನಗೆ ಕೇಳಿತ್ತು."

ಓನರ್ ತಮ್ಮ ಓಮ್ನಿ ತಂದರು. ಹಿಂದಿನ ಸೀಟಿನಲ್ಲಿದ್ದ ಪೈಪು, ಸಿಲಿಂಡರು ಇಳಿಸಿ ನಮ್ಮನ್ನು ಹತ್ತಿಸಿಕೊಂಡರು. ಉಡುಪಿಯ ಕರಾವಳಿ ಬೈಪಾಸ್‌ನಲ್ಲಿ ವಾಹನಗಳ ಸಾಲು ನಿಂತಾಗ ಹಾರ್ನ್ ಒತ್ತಿ ಒತ್ತಿ, "ಇವರಿಗೆಲ್ಲ ಇವತ್ತೇ ಬೀಚಿಗೆ ಹೋಗಬೇಕಾ?" ಎಂದು ಬೈದರು. ತಮ್ಮನಿಗೆ ನಗು ಬಂದ ಹಾಗೆ ಕಂಡಿತು, ನನಗೆ ನಿಶ್ಚಯವಿಲ್ಲ. ನಾನು ಅವನ ಕೈಯನ್ನು ಬಿಡಲಿಲ್ಲ. ಸಂಜೆಗೆ ಅವನನ್ನು ಆಸ್ಪತ್ರೆಯಲ್ಲಿ ದಾಖಲು ಮಾಡಿಕೊಂಡರು. ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಬರೆದುಕೊಂಡರು, ಬಂದದ್ದು ಒಳ್ಳೆಯದಾಯಿತು ಎಂದರು.

ಮಾರನೇ ದಿನ ಆ ಹುಡುಗಿಯನ್ನು ಹುಡುಕಿದೆ. ಯಾವ ಕೋಣೆ ಎಂದು ನೆನಪಿಲ್ಲದೆ ಮೇಲೆ ಕೆಳಗೆ ತಿರುಗಿ, ಕೊನೆಗೆ ಕ್ಯಾಂಟೀನಿನ ಹತ್ತಿರ ಸಿಕ್ಕಿದಳು. ಕೈಯಲ್ಲಿ ಬನ್ಸ್ ಇತ್ತು. ನಾನು ಬಾಯಿಗೆ ಬಂದ ಹಾಗೆ ಹೇಳಿದೆ. ಎರಡನೇ ಸಲದ ಉತ್ತರ ಅವನದ್ದಲ್ಲ, ನನ್ನದು. ನಿಮ್ಮ ತಕ್ಕಡಿ ಸರಿಯಿತ್ತು. ತೂಕ ಹೊಂದಿಸಿದವಳು ನಾನು.

ಅವಳು ತಿನ್ನುವುದನ್ನು ಬಿಟ್ಟಳು. "ಅವರು ಈಗ ಎಲ್ಲದಾರ್ರಿ?" ಎಂದು ಮೊದಲು ಕೇಳಿದಳು. ವಾರ್ಡಿನಲ್ಲಿ ಎಂದ ಮೇಲೆ ಬೆಂಚಿನ ಮೇಲೆ ಕೂತಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

"ಲೆಕ್ಕದ್ದೇನೂ ಇಲ್ರಿ ಅಕ್ಕಾರ. ಅವರ ಹಾಳಿ ತೆಗೆದು ಇಡ್ತೀನಿ, ನಮಗ ಕಲಿಸೋ ಮೇಡಂಗೂ ಹೇಳ್ತೀನಿ." ಆಮೇಲೆ ಮೆಲ್ಲಗೆ, "ಆ ಪ್ರಶ್ನೆಗೆ ಹೌದು ಅಂತ ಯಾರರ ಅಂದ್ರ ನಾನು ಮುಂದಿನ ಪ್ರಶ್ನೆಗೂ ಹೋಗೂದಿಲ್ರಿ. ಎಬ್ಬಿಸಿ ಸೀದಾ ಡಾಕ್ಟರ ಕಡೆ ಕರ್ಕೊಂಡ್ ಹೋಗಬೇಕು. ಹಂಗ ನಿಯಮ ಐತಿ," ಎಂದಳು.

ಇದು ನನಗೆ ಗೊತ್ತಿರಲಿಲ್ಲ. ಅದೇ ಕೋಣೆಯಿಂದ, ಅದೇ ಗಳಿಗೆಯಲ್ಲಿ ಅವನನ್ನು ಕೈಹಿಡಿದು ಕರೆದೊಯ್ಯಲು ಒಬ್ಬರು ಸಿದ್ಧರಾಗಿ ಕೂತಿದ್ದರು. ನಾನು ಅವನ ಮಂಡಿ ಅದುಮಿ ಹಿಡಿದಿದ್ದೆ.

"ನಾನು ನಿಮ್ಮನ್ನ ಹೊರಗ ಕಳಿಸಿ ಕೇಳಬೇಕಿತ್ತ್ರಿ," ಎಂದಳು. "ಅವರು ಪ್ರತಿ ಸಲ ನಿಮ್ಮ ಮುಖ ನೋಡ್ತಿದ್ರು, ನಾ ನೋಡಿದ್ದೆ. ಅದು ನನ್ನ ತಪ್ಪು."

"ಅಲ್ಲ," ಎಂದೆ. "ನೀವು ಹೇಳಿದ್ದಿರಿ. ನಾನು ಹೋಗಲಿಲ್ಲ." ಅದರಲ್ಲಿ ಪಾಲು ಕೊಡಲು ನನಗೆ ಮನಸ್ಸಾಗಲಿಲ್ಲ.

ಅವನು ಕೆಲವು ವಾರ ಅಲ್ಲಿದ್ದು ಬಂದ. ಈಗ ಕಾಪುವಿನಲ್ಲಿಯೇ ಇದ್ದಾನೆ, ಅಂಗಡಿಯಲ್ಲೇ ಕೂತು ಮಾಡುವ ರಿಪೇರಿಗಳನ್ನು ಓನರ್ ಅವನಿಗೆ ಕೊಡುತ್ತಾರೆ. ಗುಣವಾಗಿದ್ದಾನೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಒಳ್ಳೆಯ ವಾರ ಉಂಟು, ಕೆಟ್ಟ ವಾರ ಉಂಟು. ನನ್ನ ಮೇಲೆ ಅವನಿಗೆ ಸಿಟ್ಟು ಉಂಟೋ ಗೊತ್ತಿಲ್ಲ. ಒಮ್ಮೆ ಕೇಳಿದೆ. "ಅದನ್ನೂ ಎರಡು ಸಲ ಕೇಳ್ತೀಯಾ?" ಎಂದು ನಕ್ಕ. ಆ ನಗು ನನ್ನನ್ನು ಎರಡು ದಿನ ನಿದ್ದೆಗೆಡಿಸಿತು. ಫೋನಿನಲ್ಲಿ ಅವನು ಆರಾಮ ಎಂದರೆ ಅದು ಅವನ ಆರಾಮವೋ, ನನಗೆಂದು ಹೇಳಿದ ಆರಾಮವೋ ತಿಳಿಯದೆ ಮನೆಯೊಳಗೆ ಅತ್ತಿಂದಿತ್ತ ನಡೆಯುತ್ತೇನೆ. ಹಾಗೆ ಅನಿಸಿದರೆ ಬಸ್ಸು ಹತ್ತಿ ಹೋಗಿಬಿಡುತ್ತೇನೆ. ಹೋದರೆ ಅವನು, "ಪುನಃ ಬಂದೆಯಾ ಮಾರಾಯ್ತಿ," ಎನ್ನುತ್ತಾನೆ.

ಹೋದ ತಿಂಗಳು ಅವನನ್ನು ತೋರಿಸಲು ಮಣಿಪಾಲಕ್ಕೆ ಹೋಗಿದ್ದೆವು. ಈಗ ಬೇರೊಬ್ಬ ಹುಡುಗ ಪ್ರಶ್ನೆ ಕೇಳುತ್ತಾನೆ, ಡಾಕ್ಟರು ನೋಡುವ ಮೊದಲು. ಹೆಸರು ಕರೆದರು. ನಾನೂ ಎದ್ದೆ, ಚೀಲ ಹೆಗಲಿಗೆ ಹಾಕಿಕೊಂಡೆ. ಬಾಗಿಲಿನ ಹತ್ತಿರ ತಮ್ಮ ನಿಂತು ತಿರುಗಿದ.

"ಅಕ್ಕ, ನೀನು ಹೊರಗೆ ಕೂತಿರು."

ನನ್ನ ಮುಖ ನೋಡಿ ಹೇಳಲಿಲ್ಲ. ನನ್ನ ಹೆಗಲಿನ ಆಚೆ ಎಲ್ಲಿಯೋ ನೋಡಿ ಹೇಳಿದ. ಬಾಗಿಲು ಮುಚ್ಚಿತು.

ಬೆಂಚಿನಲ್ಲಿದ್ದ ಒಬ್ಬರು ಸರಿದು ಜಾಗ ಕೊಟ್ಟರು. ಕೂತೆ, ಎದ್ದೆ. ಬಾಗಿಲಿನ ಹತ್ತಿರ ಹೋದರೆ ಒಳಗಿನ ಸದ್ದು ಕೇಳುತ್ತಿತ್ತು. ಹುಡುಗ ಕೇಳುವುದು ಉದ್ದಕ್ಕೆ, ತಮ್ಮ ಹೇಳುವುದು ಚುಟುಕಾಗಿ. ಮಾತು ಬಿಡಿಸಿ ಕೇಳುತ್ತಿರಲಿಲ್ಲ. ಇನ್ನು ಒಂದು ಹೆಜ್ಜೆ ಹೋದರೆ ಕೇಳುತ್ತಿತ್ತೋ ಏನೋ. ಒಂದು ಪ್ರಶ್ನೆಯಾದ ಮೇಲೆ ಒಳಗೆ ಮೌನವಾಯಿತು. ಮೌನ ಮುಗಿಯಲಿಲ್ಲ. ನನ್ನ ಕೈ ಬಾಗಿಲ ಹಿಡಿಯ ಹತ್ತಿರ ಹೋಗಿದ್ದು ನನಗೇ ಆಮೇಲೆ ಗೊತ್ತಾಯಿತು. ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡೆ. ಅಲ್ಲಿಂದ ಹೊರಟು, ಔಷಧಿಯ ಸಾಲು ದಾಟಿ, ಲಿಫ್ಟ್ ದಾಟಿ, ಆ ಕೋಣೆಯ ಯಾವ ಸದ್ದೂ ಬಾರದಷ್ಟು ದೂರ ನಡೆದು ಹೋಗಿ ನಿಂತೆ.